ಇಲ್ಲದ ನಾಲ್ಕನೇ ತೊಟ್ಟಿ: ಸಿ ಭಾಷೆಯ ಕಾಲ್‌ಬ್ಯಾಕ್‌ಗೆ ನಮ್ಮ ಮಾಹಿತಿ ಮುಟ್ಟಿಸುವುದು ಹೇಗೆ

ಗುಬ್ಬಿ ತಾಲ್ಲೂಕಿನಲ್ಲಿ ನಮ್ಮ ಚಿಕ್ಕಪ್ಪನ ಅಡಿಕೆ ತೋಟ ಇದೆ. ಮೂರು ಬೋರು, ಮೂರು ತೊಟ್ಟಿ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ನೆಚ್ಚಿಕೊಳ್ಳುವ ಹಾಗಿಲ್ಲ. ರಾತ್ರಿ ಎರಡು ಗಂಟೆಗೆ ಬಂದರೆ ಮೋಟರ್ ತಾನಾಗಿಯೇ ಓಡುತ್ತದೆ, ತೊಟ್ಟಿ ತುಂಬಿ ಬುಡಕ್ಕೆಲ್ಲ ನೀರು ಹರಿದರೂ ಕೇಳುವವರಿಲ್ಲ. ಅದಕ್ಕೆ ನಾನೇ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ಪ್ರತಿ ತೊಟ್ಟಿಯ ಮೇಲೆ ನೀರಿನ ಮಟ್ಟ ನೋಡುವ ಪೆಟ್ಟಿಗೆ. ಮಟ್ಟ ಮೇಲೆ ಬಂದರೆ ಫೋನಿಗೆ ಸಂದೇಶ.

ಮೊದಲ ರಾತ್ರಿಯೇ ಸಂದೇಶ ಬಂತು. "ನಾಲ್ಕನೇ ತೊಟ್ಟಿ ತುಂಬಿದೆ." ಹತ್ತು ನಿಮಿಷ ಬಿಟ್ಟು ಮತ್ತೆ ಅದೇ. ಆಮೇಲೆ ಮತ್ತೂ ಒಂದು ಸಲ.

ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿದರು. "ಏನಪ್ಪಾ, ಇರಾವು ಮೂರು. ಈ ನಾಲ್ಕನೇದು ಎಲ್ಲೈತೆ ಅಂತ ತೋರ್ಸು, ಅದ್ರಲ್ಲೇ ಮೀನ್ ಸಾಕ್ತೀನಿ."

ಆ ನಾಲ್ಕನೇ ತೊಟ್ಟಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ, ಸಿ ಭಾಷೆಯಲ್ಲಿ ತುಂಬಾ ಜನ ಎಡವುವ ಒಂದು ಜಾಗ ಸಿಗುತ್ತದೆ. ಕಾಲ್‌ಬ್ಯಾಕ್ ಫಂಕ್ಷನ್‌ಗೆ ನಮ್ಮದೇ ಮಾಹಿತಿಯನ್ನು ಹೇಗೆ ಮುಟ್ಟಿಸುವುದು? ಮುಟ್ಟಿಸಿದ ಮೇಲೆ ಅದು ಎಷ್ಟು ಹೊತ್ತು ಬದುಕಿರಬೇಕು? ಮೊದಲನೆಯ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಕು. ನನಗೆ ನಿದ್ದೆ ಕೆಡಿಸಿದ್ದೆಲ್ಲ ಎರಡನೆಯದು.

ಕಾಲ್‌ಬ್ಯಾಕ್ ಅಂದರೆ ಏನು ಅಂತ ರಾಗಿ ಮಿಷನ್‌ನಲ್ಲಿ ನಿಂತು ನೋಡೋಣ. ನಮ್ಮಮ್ಮ ಮಿಷನ್‌ಗೆ ಮೂರು ಚೀಲ ಕೊಟ್ಟು ಕಳಿಸುತ್ತಾರೆ. ಒಂದು ಮುದ್ದೆಗೆ, ಒಂದು ರೊಟ್ಟಿಗೆ, ಒಂದು ಅಕ್ಕನ ಮಗುವಿನ ಸರಿಗೆ. ಅಲ್ಲಿ ಕಾಯುತ್ತಾ ಕೂರುವುದು ಯಾರು? "ಬೀಸಿದ ಮೇಲೆ ಈ ನಂಬರಿಗೆ ಫೋನ್ ಮಾಡಿ" ಅಂತ ಹೇಳಿ ಬಂದುಬಿಡುತ್ತೇವೆ. ಆ ಫೋನ್ ನಂಬರೇ ಕಾಲ್‌ಬ್ಯಾಕ್. ಕೆಲಸ ಅವರದ್ದು, ಆದಾಗ ಕರೆಯುವುದೂ ಅವರೇ. ಯಾವಾಗ ಅನ್ನುವುದು ನಮ್ಮ ಕೈಲಿಲ್ಲ.

ಫೋನ್ ಬಂತು. "ನಿಮ್ ಹಿಟ್ಟು ಆಯ್ತು." ಯಾವ ಹಿಟ್ಟು? ಮಿಷನ್ ಅಣ್ಣನಿಗೆ ನಮ್ಮ ಮನೆಯ ಮುದ್ದೆ, ರೊಟ್ಟಿ, ಸರಿಯ ಲೆಕ್ಕ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದಕ್ಕೆ ಅಮ್ಮ ಒಂದು ಉಪಾಯ ಮಾಡಿದ್ದಾರೆ. ಪ್ರತಿ ಚೀಲದ ಬಾಯಿಗೆ ಒಂದೊಂದು ಬಣ್ಣದ ದಾರ. ಅವರು "ಕೆಂಪು ದಾರದ್ದು ಆಯ್ತು ಕಣಮ್ಮ" ಅನ್ನುತ್ತಾರೆ. ಕೆಂಪು ಅಂದರೆ ಮುದ್ದೆಗೆ ಅಂತ ಅರ್ಥ ಗೊತ್ತಿರುವುದು ನಮ್ಮ ಮನೆಯಲ್ಲಿ ಮಾತ್ರ. ಅವರು ದಾರ ಬಿಚ್ಚಿ ನೋಡುವುದಿಲ್ಲ, ಬದಲಾಯಿಸುವುದಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೇ ವಾಪಸ್ ಹೇಳುತ್ತಾರೆ.

ಸಿ ಭಾಷೆಯಲ್ಲಿ ಆ ದಾರಕ್ಕೆ ಯೂಸರ್ ಡೇಟಾ ಅನ್ನುತ್ತಾರೆ. ಒಂದು ಲೈಬ್ರರಿ ಇದನ್ನು ಕಾಂಟೆಕ್ಸ್ಟ್ ಅಂದರೆ ಇನ್ನೊಂದು ಓಪೇಕ್ ಅನ್ನುತ್ತದೆ, ಮತ್ತೊಂದು ಹಿಂಟ್ ಅನ್ನುತ್ತದೆ. ಎಲ್ಲವೂ ಒಂದೇ.

ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಬರೆಯುವವರಿಗೆ ಈ ತಲೆನೋವೇ ಇಲ್ಲ. ಅಲ್ಲಿ ಒಂದು ಫಂಕ್ಷನ್‌ನ ಒಳಗೆ ಇನ್ನೊಂದು ಫಂಕ್ಷನ್ ಬರೆದರೆ, ಅದು ತನ್ನ ಸುತ್ತ ಇದ್ದ ವೇರಿಯಬಲ್‌ಗಳನ್ನು ಜೇಬಿಗೆ ಹಾಕಿಕೊಂಡೇ ಹೊರಡುತ್ತದೆ. ಕ್ಲೋಷರ್ ಅನ್ನುವುದು ಅದನ್ನೇ. ಸಿ ಭಾಷೆಯ ಫಂಕ್ಷನ್ ಪಾಯಿಂಟರ್‌ಗೆ ಜೇಬಿಲ್ಲ. ಕೋಡ್ ಎಲ್ಲಿದೆ ಅನ್ನುವ ಅಡ್ರೆಸ್ ಒಂದನ್ನು ಬಿಟ್ಟರೆ ಅದು ಬರಿಗೈ. ಹಾಗಾಗಿ ಜೊತೆಗೆ ಇನ್ನೊಂದು ಪಾಯಿಂಟರನ್ನು ನಾವೇ ಕೈಗೆ ಕೊಟ್ಟು ಕಳಿಸಬೇಕು.

ಅದು ವಾಯ್ಡ್ ಪಾಯಿಂಟರ್. ಇಲ್ಲೊಂದು ಅಡ್ರೆಸ್ ಇದೆ, ಅಲ್ಲಿ ಯಾರು ವಾಸ ಇದ್ದಾರೆ ಅಂತ ಮಾತ್ರ ಬರೆದಿಲ್ಲ. ಲೈಬ್ರರಿ ಬರೆದವರಿಗೆ ನಮ್ಮ ತೊಟ್ಟಿ, ಮೋಟರ್ ಯಾವುದೂ ಗೊತ್ತಿಲ್ಲವಲ್ಲ, ಅದಕ್ಕೆ ಅವರು ಯಾವ ಟೈಪ್ ಆದರೂ ಆಗಲಿ ಅಂತ ಬಿಟ್ಟಿದ್ದಾರೆ. 1978ರ ಹೊತ್ತಿನ ಹಳೇ ಸಿ ಭಾಷೆಯಲ್ಲಿ ಈ ಕೆಲಸಕ್ಕೆ ಕ್ಯಾರೆಕ್ಟರ್ ಪಾಯಿಂಟರನ್ನೇ ದುಡಿಸಿಕೊಳ್ಳುತ್ತಿದ್ದರು. ವಾಯ್ಡ್ ಪಾಯಿಂಟರ್ ಸ್ಟ್ಯಾಂಡರ್ಡ್ ಒಳಗೆ ಬಂದಿದ್ದು 1989ರಲ್ಲಿ.

ಈಗ ನನ್ನ ಪ್ರೋಗ್ರಾಂಗೆ ಬರೋಣ. ಪೆಟ್ಟಿಗೆಗಳು ಮಾತಾಡುವುದು ಎಂಕ್ಯೂಟಿಟಿಯಲ್ಲಿ, ಅಂದರೆ ಯಂತ್ರಗಳು ಒಂದಕ್ಕೊಂದು ಪುಟ್ಟ ಸಂದೇಶ ಕಳಿಸುವ ಒಂದು ಪದ್ಧತಿಯಲ್ಲಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ರೂಪಿಸಿದ್ದು ಎಣ್ಣೆ ಪೈಪ್‌ಲೈನ್‌ಗಳ ಮೇಲೆ ಸ್ಯಾಟಲೈಟ್ ಮೂಲಕ ಕಣ್ಣಿಡುವುದಕ್ಕೆ. ಕಡಿಮೆ ಡೇಟಾ, ಆಗಾಗ ಕಡಿಯುವ ಲೈನು. ನಮ್ಮ ತೋಟಕ್ಕೂ ಅದೇ ಬೇಕಿತ್ತು, ಅಲ್ವಾ? ಸಿ ಭಾಷೆಯಲ್ಲಿ ಅದನ್ನು ಬಳಸಲು ನಾನು ಆರಿಸಿದ್ದು ಎಕ್ಲಿಪ್ಸ್ ಮಸ್ಕಿಟೋ ಜೊತೆ ಬರುವ ಲೈಬ್ರರಿ. ತೊಟ್ಟಿ ಇದ್ದಲ್ಲಿ ಸೊಳ್ಳೆ ಇರಲೇಬೇಕು.

ಮಸ್ಕಿಟೋದಲ್ಲಿ ಒಂದು ಕ್ಲೈಂಟ್ ಹುಟ್ಟಿಸಲು 'ಮಸ್ಕಿಟೋ ನ್ಯೂ' ಅನ್ನುವ ಫಂಕ್ಷನ್ ಇದೆ. ಅದಕ್ಕೆ ಮೂರು ಆರ್ಗ್ಯುಮೆಂಟ್. ಮೊದಲನೆಯದು ಕ್ಲೈಂಟಿನ ಹೆಸರು. ಎರಡನೆಯದು ಹಳೇ ಸೆಷನ್ ಒರೆಸಿ ಹೊಸದಾಗಿ ಶುರು ಮಾಡಬೇಕೋ ಬೇಡವೋ. ಮೂರನೆಯದು ವಾಯ್ಡ್ ಪಾಯಿಂಟರ್, ನಮ್ಮ ದಾರ. ಕನೆಕ್ಟ್ ಆದಾಗ, ಸಂದೇಶ ಬಂದಾಗ, ಕಳಿಸಿದ್ದು ತಲುಪಿದಾಗ, ಹೀಗೆ ಯಾವ ಕಾಲ್‌ಬ್ಯಾಕ್ ಬಂದರೂ ಅದರ ಎರಡನೇ ಆರ್ಗ್ಯುಮೆಂಟ್ ಆಗಿ ಅದೇ ಪಾಯಿಂಟರ್ ವಾಪಸ್ ಬರುತ್ತದೆ. ಮಧ್ಯದಲ್ಲಿ ಬದಲಾಯಿಸಬೇಕಾದರೆ 'ಯೂಸರ್ ಡೇಟಾ ಸೆಟ್' ಅಂತ ಇನ್ನೊಂದು ಫಂಕ್ಷನ್ ಇದೆ.

ಒಂದೇ ಕ್ಲೈಂಟ್ ಸಾಕಾಗುತ್ತಿತ್ತಲ್ಲ, ಸಂದೇಶದ ಮೇಲಿನ ವಿಳಾಸದಂಥ ಟಾಪಿಕ್ ಹೆಸರು ನೋಡಿ ಯಾವ ತೊಟ್ಟಿ ಅಂತ ಹೇಳಬಹುದಿತ್ತಲ್ಲ ಅಂತ ತಿಳಿದವರು ಕೇಳಬಹುದು. ನಿಜ. ಆದರೆ ನನಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಪೆಟ್ಟಿಗೆಗಳು. ಒಂದೊಂದರೊಳಗೂ ಅದರದ್ದೇ ಪುಟ್ಟ ಬ್ರೋಕರ್ (ಸಂದೇಶ ಪಡೆದು ಹಂಚುವ ಅಂಚೆ ಕಚೇರಿ ಅನ್ನಿ), ಮೂರರದ್ದೂ ಒಂದೇ ಟಾಪಿಕ್ ಹೆಸರು. ಹಾಗಾಗಿ ಮೂರು ಕ್ಲೈಂಟ್, ಮೂರು ಕನೆಕ್ಷನ್.

ಮೇನ್ ಫಂಕ್ಷನ್‌ನ ಮೇಲೆ 'ಐ' ಅಂತ ಒಂದು ವೇರಿಯಬಲ್ ಇಟ್ಟೆ. ಒಂದರಿಂದ ಮೂರರವರೆಗೆ ಲೂಪ್. ಪ್ರತಿ ಸುತ್ತಿನಲ್ಲೂ ಒಂದು ಕ್ಲೈಂಟ್ ಹುಟ್ಟಿಸಿ, ಮೂರನೇ ಆರ್ಗ್ಯುಮೆಂಟ್ ಆಗಿ ಐ ವೇರಿಯಬಲ್‌ನ ಅಡ್ರೆಸ್ ಕೊಟ್ಟೆ. ಮೊದಲ ಸುತ್ತಿನಲ್ಲಿ ಐ ಬೆಲೆ 1, ಅಂದರೆ ಮೊದಲ ಕ್ಲೈಂಟಿಗೆ 1 ಕೊಟ್ಟ ಹಾಗಾಯಿತು, ಹೀಗೆ ನನ್ನ ಲೆಕ್ಕ.

ಲೆಕ್ಕ ತಪ್ಪಿದ್ದು ಅಲ್ಲೇ. ನಾನು ಕೊಟ್ಟದ್ದು 1 ಅಲ್ಲ. 1 ಬರೆದಿಟ್ಟ ಹಲಗೆ ಎಲ್ಲಿದೆ ಅನ್ನುವ ಅಡ್ರೆಸ್. ಮೂರು ಕ್ಲೈಂಟಿಗೂ ಅದೇ ಒಂದು ಹಲಗೆಯ ಅಡ್ರೆಸ್. ಲೂಪ್ ಸುತ್ತುತ್ತಾ ಹಲಗೆಯ ಮೇಲೆ 1 ಅಳಿಸಿ 2 ಆಯಿತು, 2 ಅಳಿಸಿ 3 ಆಯಿತು. ಐ ಮೂರನ್ನು ದಾಟಿದಾಗಲೇ ತಾನೇ ಲೂಪ್ ನಿಲ್ಲುವುದು? ಹಾಗಾಗಿ ನಿಂತಾಗ ಹಲಗೆಯ ಮೇಲೆ ಇದ್ದದ್ದು 4. ಸಂದೇಶಗಳು ಬಂದದ್ದು ಗಂಟೆಗಳ ಮೇಲೆ. ಯಾರು ಹೋಗಿ ಹಲಗೆ ನೋಡಿದರೂ 4. ಚಿಕ್ಕಪ್ಪನ ಮೀನಿನ ತೊಟ್ಟಿ ಹುಟ್ಟಿದ್ದು ಹೀಗೆ.

ಇದಕ್ಕೆ ಅವಸರದ ಮದ್ದು ಒಂದಿದೆ. ಅಡ್ರೆಸ್ ಬದಲು ಸಂಖ್ಯೆಯನ್ನೇ ಪಾಯಿಂಟರ್ ವೇಷ ಹಾಕಿಸಿ ಕಳಿಸುವುದು. ಸಿ99ರಲ್ಲಿ ಬಂದ 'ಇಂಟ್ ಪಾಯಿಂಟರ್ ಟಿ' ಅನ್ನುವ ಟೈಪ್‌ಗೆ ಬದಲಾಯಿಸಿ, ಅಲ್ಲಿಂದ ವಾಯ್ಡ್ ಪಾಯಿಂಟರ್ ಮಾಡಿದರೆ 1, 2, 3 ಅನ್ನುವುದು ಹಾಗೇ ಹೋಗಿ ಹಾಗೇ ಬರುತ್ತದೆ. ಅಲ್ಲಿ ಮನೆಯೂ ಇಲ್ಲ, ಅಡ್ರೆಸ್ಸೂ ಇಲ್ಲ, ಬೀಳುವ ಚಿಂತೆಯೂ ಇಲ್ಲ. ಬರೀ ಒಂದು ನಂಬರ್ ಸಾಕು ಅನ್ನುವ ಕಡೆ ನಾನು ಈಗಲೂ ಇದನ್ನೇ ಮಾಡುತ್ತೇನೆ. ಕೆಲವರು ಮೂಗು ಮುರಿಯುತ್ತಾರೆ, ಮುರಿಯಲಿ.

ಆದರೆ ನನಗೆ ನಂಬರ್ ಮಾತ್ರ ಸಾಲದು. ಆ ತೊಟ್ಟಿಯ ಮೋಟರ್ ಯಾವುದು, ಎಷ್ಟು ಸೆಂಟಿಮೀಟರ್ ಬಂದರೆ ತುಂಬಿದ ಹಾಗೆ, ಕೊನೆಯ ಸಂದೇಶ ಬಂದದ್ದು ಯಾವಾಗ, ಇಷ್ಟೂ ಬೇಕು. ಅದಕ್ಕೆ ಇವನ್ನೆಲ್ಲ ಒಟ್ಟಿಗೆ ಕಟ್ಟಿಡುವ ಒಂದು ಸ್ಟ್ರಕ್ಟ್ ಮಾಡಿ 'ತೊಟ್ಟಿ' ಅಂತ ಹೆಸರಿಟ್ಟೆ. ಅಂದಹಾಗೆ, ಜಿಸಿಸಿ 10ರಿಂದ ಈಚೆಗೆ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಕಂಪೈಲರ್ ತಕರಾರು ಮಾಡುವುದಿಲ್ಲ. ತಕರಾರು ಮಾಡುವವರು ಆಫೀಸಿನಲ್ಲಿ ಇರುತ್ತಾರೆ.

ಎರಡನೇ ತಪ್ಪು ಮಾಡಿದ್ದು ಇಲ್ಲಿ. ಕೋಡ್ ನೀಟಾಗಿರಲಿ ಅಂತ 'ಜೋಡಿಸು' ಎಂಬ ಪುಟ್ಟ ಫಂಕ್ಷನ್ ಬರೆದು, ಅದರೊಳಗೇ ಒಂದು ತೊಟ್ಟಿ ಸ್ಟ್ರಕ್ಟ್ ಇಟ್ಟು, ತುಂಬಿಸಿ, ಅದರ ಅಡ್ರೆಸ್ಸನ್ನು ಮಸ್ಕಿಟೋಗೆ ಕೊಟ್ಟೆ. ಫಂಕ್ಷನ್ ಮುಗಿದು ವಾಪಸ್ ಬಂತು.

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಗೆ ಹೋದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಬಳೆ ಅಂಗಡಿಯಾಕೆ ಹತ್ತಿರ ಅಳತೆ ಕೊಟ್ಟು ಅಂಗಡಿ ಎಲ್ಲಿದೆ ಅಂತ ಗುರುತು ಮಾಡಿಕೊಂಡಿರಿ. ತೇರಿನ ಬೀದಿಯ ಎಡಕ್ಕೆ, ಬೆಂಡು ಬತ್ತಾಸಿನ ಅಂಗಡಿ ಪಕ್ಕ. ಜಾತ್ರೆ ಮುಗಿದ ಮೇಲೆ ಅದೇ ಗುರುತು ಹಿಡಿದು ಹೋದರೆ? ಜಾಗ ಇದೆ. ಗುರುತೂ ಸರಿ ಇದೆ. ಬಳೆ ಅಂಗಡಿ ಇಲ್ಲ. ಅಲ್ಲಿ ಯಾರೋ ಎತ್ತು ಕಟ್ಟಿರಬಹುದು, ಸುಮ್ನೆ ಬಯಲೂ ಇರಬಹುದು.

ಫಂಕ್ಷನ್‌ನ ಒಳಗಿನ ಸಾಮಾನ್ಯ ವೇರಿಯಬಲ್‌ಗಳು ಸ್ಟ್ಯಾಕ್ ಅನ್ನುವ ಜಾತ್ರೆ ಬಯಲಿನಲ್ಲಿ ಹೂಡಿದ ಅಂಗಡಿಗಳು. ಫಂಕ್ಷನ್ ಮುಗಿದರೆ ಡೇರೆ ಕಿತ್ತ ಹಾಗೆ. ಮುಂದೆ ಕರೆಯುವ ಫಂಕ್ಷನ್ ಅದೇ ಜಾಗದಲ್ಲಿ ತನ್ನ ಡೇರೆ ಹಾಕುತ್ತದೆ. ಮಸ್ಕಿಟೋ ಕೈಯಲ್ಲಿ ಮಾತ್ರ ಹಳೇ ಗುರುತಿನ ಚೀಟಿ ಹಾಗೇ ಇರುತ್ತದೆ, ಅದು ಪ್ರಾಮಾಣಿಕವಾಗಿ ಅದನ್ನೇ ನಮಗೆ ವಾಪಸ್ ಕೊಡುತ್ತದೆ.

ಇದರಲ್ಲಿ ಕೆಟ್ಟದ್ದು ಏನೆಂದರೆ, ಮನೆಯ ಟೇಬಲ್ ಮೇಲೆ ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿಯೇ ನಡೆಯಿತು. ಡೇರೆ ಕಿತ್ತ ಮೇಲೂ ಬೇರೆಯವರು ಬರುವ ತನಕ ಒಂದೆರಡು ಬಳೆ ಅಲ್ಲೇ ಬಿದ್ದಿರುತ್ತವಲ್ಲ, ಹಾಗೆ. ತೋಟಕ್ಕೆ ಹಾಕಿದ ಮೇಲೆ ಲಾಗ್‌ನಲ್ಲಿ ಕಂಡಿದ್ದು: ಮೋಟರ್ ನಂಬರ್ 32,765. ಇಂಟೆಲ್ ಥರದ 64 ಬಿಟ್ ಲಿನಕ್ಸ್ ಮಷೀನಿನಲ್ಲಿ 32,767ಕ್ಕೆ ಹತ್ತಿರದ ಸಂಖ್ಯೆ ಇಲ್ಲದ ಕಡೆ ಕಂಡರೆ ನನಗೆ ಈಗ ತಕ್ಷಣ ಅನುಮಾನ ಬರುತ್ತದೆ. ಅಲ್ಲಿ ಸ್ಟ್ಯಾಕ್ ಅಡ್ರೆಸ್‌ಗಳ ಮೇಲಿನ ಅರ್ಧ ಸಾಮಾನ್ಯವಾಗಿ ಆ ಸಂಖ್ಯೆಯ ಆಸುಪಾಸಿನಲ್ಲೇ ಇರುತ್ತದೆ. ಅಂದರೆ ನನ್ನ ಬಳೆ ಅಂಗಡಿಯ ಜಾಗದಲ್ಲಿ ಯಾರದೋ ಪಾಯಿಂಟರ್ ಮಲಗಿದೆ.

ಪರಿಹಾರ ದೊಡ್ಡದೇನಲ್ಲ. ಸ್ಟ್ರಕ್ಟ್ ಪಕ್ಕಾ ಮನೆಯಲ್ಲಿ ಇರಬೇಕು. ಫೈಲಿನ ಮಟ್ಟದಲ್ಲಿ ಸ್ಟ್ಯಾಟಿಕ್ ಆಗಿ ಮೂರು ತೊಟ್ಟಿಗಳ ಒಂದು ಅರೇ ಇಡಬಹುದು. ಎಷ್ಟು ತೊಟ್ಟಿ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಮ್ಯಾಲಕ್ ಮಾಡಿ ಹೀಪ್‌ನಲ್ಲಿ, ಅಂದರೆ ನಾವೇ ಫ್ರೀ ಮಾಡಿ ಬಿಟ್ಟುಕೊಡುವ ತನಕ ಉಳಿಯುವ ಮೆಮೊರಿಯಲ್ಲಿ, ಜಾಗ ತೆಗೆದುಕೊಳ್ಳಬಹುದು. ನಾನು ಅರೇ ಇಟ್ಟೆ. ಮೊದಲ ಕ್ಲೈಂಟಿಗೆ ಮೊದಲ ತೊಟ್ಟಿಯ ಅಡ್ರೆಸ್, ಎರಡನೆಯದಕ್ಕೆ ಎರಡನೆಯದು. ಕಾಲ್‌ಬ್ಯಾಕ್‌ನ ಮೊದಲ ಸಾಲಿನಲ್ಲಿ ಬಂದ ವಾಯ್ಡ್ ಪಾಯಿಂಟರನ್ನು ತೊಟ್ಟಿ ಪಾಯಿಂಟರ್‌ಗೆ ಹಾಕಿಕೊಂಡರೆ ಮುಗಿಯಿತು. ಸಿ ಭಾಷೆಯಲ್ಲಿ ಅದಕ್ಕೆ ಟೈಪ್ ಬದಲಾಯಿಸು ಅಂತ ಹೇಳುವ ಕ್ಯಾಸ್ಟ್ ಕೂಡ ಬೇಡ. ಸಿ ಪ್ಲಸ್ ಪ್ಲಸ್‌ನಲ್ಲಿ ಬೇಕು.

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವುದೇ ಒಂದು ಅಪಾಯ. ನಿಮ್ಮ ಕೈಯಲ್ಲಿ ಆಗಲೇ ತೊಟ್ಟಿ ಪಾಯಿಂಟರ್ ಇದೆ ಅಂದುಕೊಳ್ಳಿ. ಅಭ್ಯಾಸಬಲದಿಂದ ಅದರ ಮುಂದೆ 'ಇದರ ಅಡ್ರೆಸ್' ಅನ್ನುವ ಆಂಪರ್ಸಂಡ್ ಗುರುತು (&) ಹಾಕಿಬಿಟ್ಟರೆ, ಹೋಗುವುದು ತೊಟ್ಟಿಯ ಅಡ್ರೆಸ್ ಅಲ್ಲ, ಪಾಯಿಂಟರ್‌ನ ಅಡ್ರೆಸ್. ಮನೆಯ ಬದಲು, ಮನೆಗೆ ದಾರಿ ತೋರಿಸುವ ಬೋರ್ಡ್ ಎಲ್ಲಿದೆ ಅಂತ ಹೇಳಿದ ಹಾಗೆ. ಎರಡೂ ವಾಯ್ಡ್ ಪಾಯಿಂಟರ್‌ಗೆ ಒಗ್ಗುತ್ತವೆ, ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಾನು ಇದಕ್ಕೆ ಸ್ಟ್ರಕ್ಟ್‌ನ ಮೊದಲ ಜಾಗದಲ್ಲಿ ಒಂದು ಗುರುತಿನ ಸಂಖ್ಯೆ ಇಟ್ಟು, ಕಾಲ್‌ಬ್ಯಾಕ್ ಒಳಗೆ ಮೊದಲು ಅದನ್ನು ಅಸರ್ಟ್ ಮಾಡುತ್ತೇನೆ, ಅಂದರೆ ಅದು ಸರಿ ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಜೊತೆಗೆ, ಪ್ರೋಗ್ರಾಂ ಬರೆಯುವ ಹಂತದಲ್ಲಿ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡುವುದು. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಇದೆ. ಫ್ರೀ ಮಾಡಿದ ಜಾಗವನ್ನು ಮುಟ್ಟಿದರೆ ಯಾವ ಸಾಲಿನಲ್ಲಿ ಮುಟ್ಟಿದಿರಿ, ಯಾವ ಸಾಲಿನಲ್ಲಿ ಫ್ರೀ ಮಾಡಿದ್ದಿರಿ ಅಂತ ಎರಡನ್ನೂ ಹೇಳುತ್ತದೆ.

ಇಷ್ಟೆಲ್ಲ ಯಾಕೆ, ಗ್ಲೋಬಲ್ ವೇರಿಯಬಲ್ ಇಟ್ಟು ಕಾಲ್‌ಬ್ಯಾಕ್ ಒಳಗೆ ಅದನ್ನೇ ಓದಿದರೆ ಆಗಲ್ವಾ ಅಂತ ಹುಡುಗರು ಕೇಳುತ್ತಾರೆ. ಒಂದೇ ತೊಟ್ಟಿ ಇದ್ದರೆ ಆಗುತ್ತದೆ. ಮೂರು ಇದ್ದಾಗ, ಈಗ ಕರೆದದ್ದು ಯಾರು ಅನ್ನುವುದನ್ನು ಗ್ಲೋಬಲ್ ಹೇಳುವುದಿಲ್ಲ. ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಈ ತಪ್ಪಿಗೆ ಹಳೇ ಉದಾಹರಣೆ ಇದೆ. ವಸ್ತುಗಳನ್ನು ಕ್ರಮವಾಗಿ ಜೋಡಿಸುವ ಕ್ಯೂಸಾರ್ಟ್‌ಗೆ ನಾವು ಕೊಡುವ ಹೋಲಿಕೆ ಫಂಕ್ಷನ್‌ಗೆ ಎರಡು ವಸ್ತು ಬಿಟ್ಟು ಬೇರೇನೂ ಬರುವುದಿಲ್ಲ, ದಾರ ಕಟ್ಟಲು ಜಾಗವೇ ಇಟ್ಟಿಲ್ಲ. ಆಮೇಲೆ ಗ್ನೂ ಕಡೆಯವರೂ ಬಿಎಸ್‌ಡಿ ಕಡೆಯವರೂ ಕ್ಯೂಸಾರ್ಟ್ ಆರ್ ಅಂತ ಒಂದೇ ಹೆಸರಿನಲ್ಲಿ ಸರಿಪಡಿಸಲು ಹೋಗಿ, ಆರ್ಗ್ಯುಮೆಂಟ್‌ಗಳ ಸಾಲನ್ನು ಒಬ್ಬೊಬ್ಬರು ಒಂದೊಂದು ಥರ ಇಟ್ಟರು. ಪುಣ್ಯಕ್ಕೆ ಮಸ್ಕಿಟೋ ಥರದ ಲೈಬ್ರರಿಗಳು ಆ ಪಾಠ ಕಲಿತ ಮೇಲೆ ಹುಟ್ಟಿದವು.

ಇನ್ನು ಯಾರ ಸಾಮಾನು ಯಾರು ತೆಗೆಯಬೇಕು ಅನ್ನುವ ಜಗಳ. ಯೂಸರ್ ಡೇಟಾ ಪೂರ್ತಿ ನಮ್ಮದು, ಮಸ್ಕಿಟೋ ಅದನ್ನು ಫ್ರೀ ಮಾಡುವುದಿಲ್ಲ. ಆದರೆ ಅದರ ಪಕ್ಕದಲ್ಲೇ ಬರುವ ಸಂದೇಶದ ಪಾಯಿಂಟರ್ ಲೈಬ್ರರಿಯದ್ದು. ಕಾಲ್‌ಬ್ಯಾಕ್ ಮುಗಿದ ಕೂಡಲೇ ಮಸ್ಕಿಟೋ ಅದನ್ನು ಫ್ರೀ ಮಾಡುತ್ತದೆ. ಆಮೇಲೆ ನೋಡೋಣ ಅಂತ ಆ ಪಾಯಿಂಟರನ್ನು ನಮ್ಮ ಸ್ಟ್ರಕ್ಟ್‌ನಲ್ಲಿ ಇಟ್ಟುಕೊಂಡರೆ ಮತ್ತೆ ಜಾತ್ರೆ ಬಯಲೇ ಗತಿ. ಬೇಕಾದರೆ ಕಾಪಿ ಮಾಡಿಕೊಳ್ಳಬೇಕು. ಎಕ್ಲಿಪ್ಸ್‌ನದ್ದೇ ಇನ್ನೊಂದು ಲೈಬ್ರರಿ ಪಾಹೋದಲ್ಲಿ ಪದ್ಧತಿ ಉಲ್ಟಾ. ಅಲ್ಲಿ ಬಂದ ಸಂದೇಶವನ್ನೂ ಟಾಪಿಕ್ ಹೆಸರನ್ನೂ ನಾವೇ ಫ್ರೀ ಮಾಡಿ, ನೋಡಿಕೊಂಡೆ ಅನ್ನುವುದಕ್ಕೆ 1 ಅಂತ ವಾಪಸ್ ಹೇಳಬೇಕು. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ದರೆ, ಒಂದು ಕಡೆ ಎರಡು ಸಲ ಫ್ರೀ ಆಗುತ್ತದೆ, ಇನ್ನೊಂದು ಕಡೆ ಮೆಮೊರಿ ಸೋರುತ್ತದೆ. ಮದುವೆ ಮನೆಯಲ್ಲಿ ಎಲೆ ಎತ್ತುವವರು ಯಾರು ಅಂತ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಎಷ್ಟು ಸಲ ಕರೆ ಬರುತ್ತದೆ ಅನ್ನುವುದೂ ಮುಖ್ಯ. ಕನೆಕ್ಟ್ ಕಾಲ್‌ಬ್ಯಾಕ್ ಒಂದೇ ಸಲ ಬರುತ್ತದೆ ಅಂತ ನಂಬಿ, ಅದರೊಳಗೆ ಒಂದು ತಾತ್ಕಾಲಿಕ ಸ್ಟ್ರಕ್ಟನ್ನು ಫ್ರೀ ಮಾಡಿದವರನ್ನು ನೋಡಿದ್ದೇನೆ. ಲೈನ್ ಕಡಿದು ಮತ್ತೆ ಸೇರಿದಾಗ ಅದೇ ಕಾಲ್‌ಬ್ಯಾಕ್ ಮತ್ತೆ ಬರುತ್ತದೆ. ತೋಟದಲ್ಲಿ ಲೈನ್ ದಿನಕ್ಕೆ ಎಷ್ಟು ಸಲ ಕಡಿಯುತ್ತೆ ಅಂತ ಕೇಳಬೇಡಿ.

ಕಾಫ್ಕಾ ಅನ್ನುವ ದೊಡ್ಡ ಸಂದೇಶ ವ್ಯವಸ್ಥೆಗೆ ಇರುವ ಸಿ ಲೈಬ್ರರಿ ಲಿಬ್‌ಆರ್‌ಡಿಕಾಫ್ಕಾ ಈ ವಿಷಯದಲ್ಲಿ ನನಗೆ ಇಷ್ಟ. ಅಲ್ಲಿ ಮುಖ್ಯವಾಗಿ ಎರಡು ದಾರ. ಇಡೀ ಕ್ಲೈಂಟಿಗೆ ಒಂದು, ಕಳಿಸುವ ಪ್ರತಿ ಸಂದೇಶಕ್ಕೆ ಇನ್ನೊಂದು. ಸಂದೇಶ ತಲುಪಿತೋ ಇಲ್ಲವೋ ಅಂತ ವರದಿ ಬರುವಾಗ ಆ ಸಂದೇಶದ ದಾರ ವಾಪಸ್ ಬರುತ್ತದೆ. ಈ ವರದಿ ಸಂದೇಶಕ್ಕೆ ಒಂದೇ ಸಲ. ಹಾಗಾಗಿ ಅಲ್ಲೇ ಫ್ರೀ ಮಾಡಿದರೆ ತಪ್ಪಿಲ್ಲ. ಒಂದೇ ಎಚ್ಚರ: ಕಳಿಸುವ ಫಂಕ್ಷನ್ನೇ ಸೋತು ಮೈನಸ್ 1 ಕೊಟ್ಟರೆ ವರದಿ ಬರುವುದಿಲ್ಲ, ಆಗ ನಾವೇ ಫ್ರೀ ಮಾಡಬೇಕು. ಜೀರೋಎಂಕ್ಯೂ ಅನ್ನುವ ಇನ್ನೊಂದು ಸಂದೇಶ ಲೈಬ್ರರಿಯಲ್ಲಿ ಇನ್ನೂ ತಮಾಷೆ. ಅದಕ್ಕೆ ನಮ್ಮ ಡೇಟಾವನ್ನು ಕಾಪಿ ಮಾಡದೆ ಕೊಟ್ಟು, 'ನಿನ್ನ ಕೆಲಸ ಮುಗಿದ ಮೇಲೆ ಈ ಫಂಕ್ಷನ್ ಕರೆದು ಫ್ರೀ ಮಾಡಿಸು' ಅಂತ ಹೇಳಬಹುದು. ಆ ಫಂಕ್ಷನ್‌ಗೂ ಹಿಂಟ್ ಅಂತ ಒಂದು ದಾರ ಇದೆ. ಅಲ್ಲಿ ಕಾಲ್‌ಬ್ಯಾಕ್ ಹುಟ್ಟಿರುವುದೇ ಎಲೆ ಎತ್ತುವುದಕ್ಕೆ.

ಜೀರೋಎಂಕ್ಯೂ ಕರೆಯುವ ಆ ಫಂಕ್ಷನ್ ಬೇರೆ ಥ್ರೆಡ್‌ನಲ್ಲಿ, ಅಂದರೆ ಪ್ರೋಗ್ರಾಂ ಒಳಗೇ ಜೊತೆಜೊತೆಗೆ ನಡೆಯುವ ಇನ್ನೊಂದು ಎಳೆಯಲ್ಲಿ, ಓಡಬಹುದು ಅನ್ನುವುದನ್ನು ಮರೆಯಬಾರದು. ಮಸ್ಕಿಟೋದಲ್ಲೂ ಹಾಗೇ. 'ಲೂಪ್ ಸ್ಟಾರ್ಟ್' ಅಂದರೆ ಅದು ತನ್ನದೇ ಥ್ರೆಡ್ ಶುರು ಮಾಡಿ, ಕಾಲ್‌ಬ್ಯಾಕ್‌ಗಳನ್ನು ಅಲ್ಲಿಂದಲೇ ಕರೆಯುತ್ತದೆ. ನನ್ನ ಮೂರು ಕ್ಲೈಂಟಿಗೆ ಮೂರು ಥ್ರೆಡ್. ಮೇನ್ ಫಂಕ್ಷನ್ ಅದೇ ತೊಟ್ಟಿ ಸ್ಟ್ರಕ್ಟ್‌ಗಳನ್ನು ಓದಿ ಫೋನಿಗೆ ಸಂದೇಶ ಕಳಿಸುತ್ತದೆ. ಒಬ್ಬರು ಬರೆಯುವಾಗ ಇನ್ನೊಬ್ಬರು ಓದದ ಹಾಗೆ ಪ್ರತಿ ತೊಟ್ಟಿಯಲ್ಲೂ ಮ್ಯೂಟೆಕ್ಸ್ ಅನ್ನುವ ಒಂದು ಬೀಗ ಇಟ್ಟೆ. ಲಿಬ್‌ಆರ್‌ಡಿಕಾಫ್ಕಾದ ವರದಿಗಳು ಮಾತ್ರ ನಾವು ಪೋಲ್ ಮಾಡಿದಾಗ (ಏನಾದರೂ ಬಂದಿದೆಯಾ ಅಂತ ಕೇಳಿದಾಗ) ನಮ್ಮ ಥ್ರೆಡ್‌ನಲ್ಲೇ ಬರುತ್ತವೆ, ಅಲ್ಲಿ ಈ ಚಿಂತೆ ಕಡಿಮೆ.

ಪ್ರೋಗ್ರಾಂ ನಿಲ್ಲಿಸುವಾಗಲೂ ಒಂದು ಕ್ರಮ ಇದೆ. ಮೊದಲು ಡಿಸ್‌ಕನೆಕ್ಟ್. ಆಮೇಲೆ 'ಲೂಪ್ ಸ್ಟಾಪ್', ಅದು ಥ್ರೆಡ್ ಮುಗಿಯುವ ತನಕ ಕಾಯುತ್ತದೆ. ಆಮೇಲೆ 'ಡಿಸ್ಟ್ರಾಯ್'. ಯೂಸರ್ ಡೇಟಾ ಹೀಪ್‌ನಲ್ಲಿದ್ದರೆ ಅದನ್ನು ಫ್ರೀ ಮಾಡುವುದು ಎಲ್ಲಕ್ಕಿಂತ ಕೊನೆಗೆ. ಇದನ್ನು ಹಿಂದುಮುಂದು ಮಾಡಿದರೆ, ಕೊನೇ ಗಳಿಗೆಯಲ್ಲಿ ಬಂದ ಒಂದು ಕರೆ ಕಿತ್ತ ಮನೆಯ ಬಾಗಿಲು ತಟ್ಟುತ್ತದೆ.

ಈ ಬೇಸಿಗೆಯಲ್ಲಿ ಚಿಕ್ಕಪ್ಪ ನಿಜವಾಗಿಯೂ ನಾಲ್ಕನೇ ತೊಟ್ಟಿ ಕಟ್ಟಿಸಿದರು. ನಾನು ಅರೇಯ ಅಳತೆ 3 ಇದ್ದದ್ದನ್ನು 4 ಮಾಡಿ, ಹೊಸ ಮೋಟರಿನ ನಂಬರ್ ಸೇರಿಸಿದೆ. ಕಾಲ್‌ಬ್ಯಾಕ್ ಒಳಗೆ ಒಂದಕ್ಷರ ಮುಟ್ಟಲಿಲ್ಲ. ಮೊನ್ನೆ ರಾತ್ರಿ ಫೋನಿಗೆ ಬಂತು, "ನಾಲ್ಕನೇ ತೊಟ್ಟಿ ತುಂಬಿದೆ." ಚಿಕ್ಕಪ್ಪ ನಂಬದೆ ಟಾರ್ಚ್ ಹಿಡಿದು ಹೋಗಿ ನೋಡಿ ಬಂದರಂತೆ.